ಕೈಗವಸು ತೊಟ್ಟ ಪ್ರೇಮಿ

1999ರ ಜುಲೈ 15ರಂದು ‘ತಮ್ಮುಡು’ ಎಂಬ ತೆಲುಗು ಸಿನಿಮಾ ತೆರೆಗೆ ಬಂತು. ಓದಿನಲ್ಲಿ ಹಿಂದೆ, ಹುಡುಗಾಟದಲ್ಲಿ ಮುಂದೆ ಇರುವ ಒಬ್ಬ ಕಾಲೇಜು ಹುಡುಗ. ಸಿರಿವಂತರ ಮನೆಯವನಂತೆ ನಟಿಸಿ ಚೆಂದದ ಹುಡುಗಿಯೊಬ್ಬಳ ಹಿಂದೆ ಸುತ್ತುತ್ತಾನೆ. ಅವನ ಅಣ್ಣನಿಗೆ ಕಿಕ್‌ಬಾಕ್ಸಿಂಗ್ ಬಿಟ್ಟರೆ ಬೇರೆ ಧ್ಯಾನವಿಲ್ಲ. ಎದುರಾಳಿಗಳ ಕೈಯಲ್ಲಿ ಅಣ್ಣ ಪೆಟ್ಟು ತಿಂದು ಹಾಸಿಗೆ ಹಿಡಿದಾಗ, ಆವರೆಗೆ ಯಾವ ಕೆಲಸಕ್ಕೂ ಬಾರದವನು ಎನಿಸಿಕೊಂಡಿದ್ದ ತಮ್ಮ ಕೈಗವಸು ತೊಟ್ಟು ಕಣಕ್ಕೆ ಇಳಿಯುತ್ತಾನೆ. ನಾಯಕನಾಗಿದ್ದವರು ಇಂದು ಆಂಧ್ರಪ್ರದೇಶದ ಉಪಮುಖ್ಯಮಂತ್ರಿಯಾಗಿರುವ ಪವನ್ ಕಲ್ಯಾಣ್. ಎರಡೇ ವರ್ಷದಲ್ಲಿ, ಅಂದರೆ 2001ರಲ್ಲಿ, ಅದೇ ಕಥೆ ‘ಯುವರಾಜ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂತು. ನಾಯಕ ಶಿವರಾಜ್‌ಕುಮಾರ್. ನಿರ್ದೇಶಕ ಮಾತ್ರ ತೆಲುಗಿನವರು, ಪುರಿ ಜಗನ್ನಾಥ್.

ಈ ಎರಡು ಸಿನಿಮಾಗಳನ್ನೂ ಯಾರ ಸಹಾಯವೂ ಇಲ್ಲದೆ, ತೆರೆಯ ಕೆಳಗೆ ಓಡುವ ಅಕ್ಷರಗಳನ್ನು ಓದುವ ಗೊಡವೆಯೂ ಇಲ್ಲದೆ, ಎರಡೂ ಭಾಷೆಯ ಚೇಷ್ಟೆ ಮಾತಿಗೆ ಹೊಟ್ಟೆ ತುಂಬ ನಗಬಲ್ಲ ಪ್ರೇಕ್ಷಕರು ಎಲ್ಲಿದ್ದಾರೆ ಎಂದು ಕೇಳಿದರೆ, ಅಗಳಿಯ ಕಡೆಗೆ ಬೆರಳು ತೋರಿಸಬಹುದು. ಮಡಕಶಿರ ಸೀಮೆಯ ಈ ಊರು ಆಡಳಿತದಲ್ಲಿ ಆಂಧ್ರದ್ದು, ಮನೆಮಾತಿನಲ್ಲಿ ಕನ್ನಡದ್ದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಸೇರಿತು, ರಾಯದುರ್ಗ ಆಂಧ್ರದ ಪಾಲಾಗಿ ಅನಂತಪುರ ಜಿಲ್ಲೆಗೆ ಹೋಯಿತು. ಮೊದಲಿನಿಂದಲೂ ಅನಂತಪುರದಲ್ಲೇ ಇದ್ದ ಮಡಕಶಿರ ಅಲ್ಲೇ ಉಳಿಯಿತು. 2022ರ ಏಪ್ರಿಲ್ 4ರಿಂದ ಅದು ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ ಮಂಡಲಗಳಲ್ಲಿ ಮಕ್ಕಳು ಕನ್ನಡ ಶಾಲೆಯಲ್ಲಿ ಕಲಿತು, ಕಚೇರಿಯಲ್ಲಿ ತೆಲುಗಿನ ಅರ್ಜಿ ಬರೆಯುತ್ತಾರೆ. ಒಂದು ದಿಕ್ಕಿಗೆ ಹಿಂದೂಪುರ, ಇನ್ನೊಂದು ದಿಕ್ಕಿಗೆ ಶಿರಾ. ಸಿನಿಮಾಕ್ಕೆ ಎತ್ತ ಹೋದರೂ ಅದು ಪರಭಾಷೆಯ ಸಿನಿಮಾ ಅಲ್ಲ. ಬಾಕ್ಸರುಗಳ ಪ್ರೇಮ ಹಾಸ್ಯದ ಕಥೆಯನ್ನು ಇಲ್ಲಿ ನಿಂತು ಹೇಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ, ಏಕೆಂದರೆ ದಕ್ಷಿಣದಲ್ಲಿ ಆ ಕಥೆ ಬೆಳೆದದ್ದೇ ಕನ್ನಡ–ತೆಲುಗಿನ ಗಡಿಯನ್ನು ಹಿಂದಕ್ಕೂ ಮುಂದಕ್ಕೂ ದಾಟುತ್ತ.

ದಾಟಿದ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ‘ತಮ್ಮುಡು’ ಕೂಡ ತಾನಾಗಿ ಹುಟ್ಟಿದ್ದಲ್ಲ. 1992ರಲ್ಲಿ ಮನ್ಸೂರ್ ಖಾನ್ ನಿರ್ದೇಶಿಸಿದ ಹಿಂದಿಯ ‘ಜೋ ಜೀತಾ ವಹೀ ಸಿಕಂದರ್’ ಅದರ ಬೇರು. ಅಲ್ಲಿ ಸೈಕಲ್ ರೇಸ್ ಇತ್ತು, ತೆಲುಗಿನವರು ಆ ಜಾಗದಲ್ಲಿ ಕಿಕ್‌ಬಾಕ್ಸಿಂಗ್ ಕಣವನ್ನು ತಂದಿಟ್ಟರು. ಈ ಒಂದು ಬದಲಾವಣೆ ಬಹಳ ಜಾಣತನದ್ದು. ಸೈಕಲ್ ರೇಸಿನಲ್ಲಿ ಎದುರಾಳಿಯ ಬೆನ್ನು ಕಾಣುತ್ತದೆ, ಬಾಕ್ಸಿಂಗಿನಲ್ಲಿ ಮುಖ ಕಾಣುತ್ತದೆ. ಅಣ್ಣನನ್ನು ಹೊಡೆದವನ ಮುಖ ತಮ್ಮನ ಮುಖಕ್ಕೆ ಒಂದು ಮೊಳ ದೂರದಲ್ಲಿ ನಿಂತಾಗ ಪ್ರೇಕ್ಷಕನಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

‘ಯುವರಾಜ’ ತನ್ನ ಮೂಲದಷ್ಟು ಜನಪ್ರಿಯವಾಗಲಿಲ್ಲ. ಆದರೆ ಅದು ಒಂದು ಬಾಗಿಲು ತೆರೆಯಿತು. ಆಗ ವಿಶಾಖಪಟ್ಟಣ ಜಿಲ್ಲೆಯಲ್ಲಿದ್ದ ನರ್ಸೀಪಟ್ನಂ ಕಡೆಯ ಪುರಿ ಜಗನ್ನಾಥ್, ಶಿವರಾಜ್‌ಕುಮಾರ್ ಅವರ ಮನೆತನವಾದ ಕನ್ನಡದ ‘ದೊಡ್ಡ ಮನೆ’ಯ ನಂಟು ಬೆಳೆಸಿಕೊಂಡರು. 2002ರ ಏಪ್ರಿಲ್ 26ರಂದು ಬಿಡುಗಡೆಯಾದ ‘ಅಪ್ಪು’ ಸಿನಿಮಾಕ್ಕೂ ಅವರೇ ನಿರ್ದೇಶಕರು. ಬಾಲನಟನಾಗಿ ‘ಬೆಟ್ಟದ ಹೂವು’ ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಪಡೆದಿದ್ದ ಪುನೀತ್ ರಾಜ್‌ಕುಮಾರ್ ನಾಯಕನಾಗಿ ಮೊದಲ ಹೆಜ್ಜೆ ಇಟ್ಟದ್ದು ಅಲ್ಲಿ. ಪೊಲೀಸ್ ಕಮಿಷನರ್ ಮಗಳನ್ನು ಪ್ರೀತಿಸುವ ಪೇದೆಯ ಮಗನ ಆ ಕಥೆಯನ್ನು ಅದೇ ವರ್ಷ ಪುರಿ ತೆಲುಗಿಗೆ ಒಯ್ದು ‘ಇಡಿಯಟ್’ ಮಾಡಿದರು. ನಾಯಕ ರವಿತೇಜ, ನಾಯಕಿ ಎರಡರಲ್ಲೂ ರಕ್ಷಿತಾ. ಈ ಸಲ ಕನ್ನಡವೇ ಮೂಲ, ತೆಲುಗು ನಂತರದ್ದು. 2004ರ ಜನವರಿಯಲ್ಲಂತೂ ಪುರಿ ಬರೆದ ಒಂದೇ ಕಥೆ ಎರಡು ದಿನಗಳ ಒಳಗೆ ಎರಡೂ ಭಾಷೆಯಲ್ಲಿ ತೆರೆ ಕಂಡಿತು. ತೆಲುಗಿನಲ್ಲಿ ‘ಆಂಧ್ರಾವಾಲಾ’, ಕನ್ನಡದಲ್ಲಿ ‘ವೀರ ಕನ್ನಡಿಗ’. ಗಡಿಯ ಈಚೆ ಆಂಧ್ರದವನೆಂದು ಎದೆ ತಟ್ಟಿಕೊಂಡ ಕಥಾನಾಯಕ, ಆಚೆ ಕನ್ನಡಿಗನೆಂದು ಎದೆ ತಟ್ಟಿಕೊಂಡ. ಎರಡೂ ಭಾಷೆಯನ್ನು ಮನೆಯಲ್ಲೇ ಇಟ್ಟುಕೊಂಡಿರುವ ಅಗಳಿಯವರು ಯಾರ ಪರ ಶಿಳ್ಳೆ ಹೊಡೆಯಬೇಕೋ!

ಬಾಕ್ಸಿಂಗ್ ಮತ್ತೆ ಬಂದದ್ದು ಈ ಎರಡು ಘಟನೆಗಳ ನಡುವೆ. 2003ರ ಏಪ್ರಿಲ್‌ನಲ್ಲಿ ಪುರಿ ಜಗನ್ನಾಥ್ ‘ಅಮ್ಮಾ ನಾನ್ನಾ ಓ ತಮಿಳ ಅಮ್ಮಾಯಿ’ ತೆಗೆದರು. ರವಿತೇಜ ಮಗ, ಜಯಸುಧಾ ತಾಯಿ, ಪ್ರಕಾಶ್ ರಾಜ್ ತಂದೆ. ತಂದೆ ಕಿಕ್‌ಬಾಕ್ಸಿಂಗ್ ಚಾಂಪಿಯನ್, ಈಗ ತರಬೇತುದಾರ. ತಾಯಿ ಮಗನನ್ನು ಒಬ್ಬಳೇ ಬೆಳೆಸಿದವಳು. ಸಿನಿಮಾದ ಮೊದಲರ್ಧದಲ್ಲಿ ತಾಯಿ–ಮಗ ಗೆಳೆಯರಂತೆ ಕೀಟಲೆ ಮಾಡಿಕೊಂಡು ಬದುಕುತ್ತಾರೆ. ಅಸಿನ್ ಮಾಡಿದ ತಮಿಳು ಹುಡುಗಿ ಆ ಮನೆಗೆ ನಗೆ ತರುತ್ತಾಳೆ, ಮಗನಿಗಿಂತ ಮೊದಲು ತಾಯಿಗೇ ಇಷ್ಟವಾಗುತ್ತಾಳೆ. ತಾಯಿ ತೀರಿಕೊಂಡ ಮೇಲೆ ಮಗ ಅವಳ ಮಾತಿಗೆ ಕಟ್ಟುಬಿದ್ದು ತಂದೆಯನ್ನು ಹುಡುಕಿಕೊಂಡು ಹೋಗುತ್ತಾನೆ. ಅಲ್ಲಿ ಇನ್ನೊಂದು ಸಂಸಾರ, ಇನ್ನೊಬ್ಬಳು ಮಗಳು, ತಂದೆಯ ಕೈಯಲ್ಲೇ ಪಳಗಿ ತಂದೆಗೇ ಮೋಸ ಮಾಡುವ ಶಿಷ್ಯ. ಕೊನೆಗೆ ಬೇಡವಾಗಿದ್ದ ಮಗನೇ ತಂದೆಯ ಪರವಾಗಿ ಕಣಕ್ಕಿಳಿಯುತ್ತಾನೆ.

2004ರಲ್ಲಿ ಈ ಕಥೆ ಎರಡು ಕಡೆಗೆ ಹೊರಟಿತು. ತಮಿಳಿಗೆ ‘ಎಂ. ಕುಮರನ್ ಸನ್ ಆಫ್ ಮಹಾಲಕ್ಷ್ಮಿ’ ಆಗಿ ಹೋದಾಗ ಹುಡುಗಿ ಮಲಯಾಳಿಯಾದಳು, ತಂದೆಯ ಮನೆ ಮಲೇಷ್ಯಾಕ್ಕೆ ಹೋಯಿತು. ಕನ್ನಡಕ್ಕೆ ‘ಮೌರ್ಯ’ ಆಗಿ ಬಂದಾಗ ನಿರ್ದೇಶನ ಎಸ್. ನಾರಾಯಣ್ ಅವರದು, ಸಂಗೀತ ಗುರುಕಿರಣ್ ಅವರದು. ಪುನೀತ್ ಮಗ, ರೋಜಾ ತಾಯಿ, ದೇವರಾಜ್ ತಂದೆ, ಕೇರಳದ ಮೀರಾ ಜಾಸ್ಮಿನ್ ನಾಯಕಿ. ಆಂಧ್ರದ ರೋಜಾ ಕನ್ನಡದ ಹುಡುಗನಿಗೆ ತಾಯಿಯಾದರು ಎಂಬುದನ್ನು ಗಡಿನಾಡಿನವರು ಮರೆಯುವಂತಿಲ್ಲ.

‘ಮೌರ್ಯ’ವನ್ನು ಇಂದು ನೋಡುವವರಿಗೆ ಮೊದಲು ಕಾಣುವುದು ಪುನೀತ್ ಮೈಯ ಹಗುರ. ಅವರ ಕುಣಿತದಲ್ಲೂ ಹೊಡೆದಾಟದಲ್ಲೂ ಒಂದೇ ಲಯವಿತ್ತು. ಬಾಕ್ಸಿಂಗ್ ಬಲ್ಲವರು ಹೇಳುವಂತೆ ಗುದ್ದು ಹುಟ್ಟುವುದು ಕಾಲಿನಲ್ಲಿ, ಕೈ ಅದನ್ನು ತಲುಪಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಕುಣಿಯಬಲ್ಲ ಕಾಲುಳ್ಳ ನಟನಿಗೆ ಕಣ ಒಗ್ಗುವುದು ಸಹಜವಾಗಿತ್ತು. ಆದರೂ ಆ ಸಿನಿಮಾ ಮನಸ್ಸಿನಲ್ಲಿ ಉಳಿಯುವುದು ಗುದ್ದಿನಿಂದಲ್ಲ, ತಾಯಿ ಇರುವವರೆಗಿನ ನಗೆಯಿಂದ. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡ ಮೇಲಂತೂ, ತಾಯಿಯ ಎದುರು ಅಷ್ಟು ಚೇಷ್ಟೆ ಮಾಡುವ ಆ ಹುಡುಗನನ್ನು ನೋಡುತ್ತಾ ನಗುವುದು ಕನ್ನಡಿಗರಿಗೆ ಸುಲಭವಾಗಿ ಉಳಿದಿಲ್ಲ.

ಇಲ್ಲಿಂದ ಸ್ವಲ್ಪ ದೂರ, ಬಹುದೂರವೇ, ಹೋಗಬೇಕು. ಬಾಕ್ಸರುಗಳ ನಡುವೆ ನಡೆಯುವ ಪ್ರೇಮ ಹಾಸ್ಯಕ್ಕೆ ಹಿರಿಯಣ್ಣನೆಂದು ಹೇಳಬಹುದಾದ ಸಿನಿಮಾ 1926ರದು. ಹೆಸರು ‘ಬ್ಯಾಟ್ಲಿಂಗ್ ಬಟ್ಲರ್’. ಅಮೆರಿಕದ ಮೂಕಿ ಹಾಸ್ಯನಟ ಬಸ್ಟರ್ ಕೀಟನ್ ಅದರ ನಿರ್ದೇಶಕನೂ ಹೌದು, ನಾಯಕನೂ ಹೌದು. ತೆರೆಯ ಮೇಲೆ ನಗದೆಯೇ ಲೋಕವನ್ನು ನಗಿಸಿದವನು ಕೀಟನ್.

ಕಥೆ ಹೀಗಿದೆ. ಆಲ್‌ಫ್ರೆಡ್ ಬಟ್ಲರ್ ಎಂಬ ಸಾಹುಕಾರರ ಮಗ. ಸಿಗರೇಟಿನ ಬೂದಿ ಕೊಡವುವುದಕ್ಕೂ ಆಳು ಬೇಕು. ಮಗ ಸ್ವಲ್ಪ ಗಟ್ಟಿಯಾಗಲಿ ಎಂದು ತಂದೆ ಅವನನ್ನು ಬೆಟ್ಟಕ್ಕೆ ಬೇಟೆಗೆ ಕಳಿಸುತ್ತಾನೆ. ಮಗ ಹೋಗುವುದೇನೋ ಹೋಗುತ್ತಾನೆ, ಆದರೆ ಅರಮನೆಯಂಥ ಡೇರೆ, ಸ್ನಾನದ ತೊಟ್ಟಿ, ಊಟಕ್ಕೆ ಕೂರುವಾಗ ಹಾಕುವ ಸೂಟು ಎಲ್ಲವೂ ಜೊತೆಗೆ ಹೋಗುತ್ತವೆ. ಏನೇ ಆಗಬೇಕಿದ್ದರೂ ಪಕ್ಕದ ಕುಳ್ಳ ಸೇವಕನಿಗೆ ಹೇಳುತ್ತಾನೆ: ವ್ಯವಸ್ಥೆ ಮಾಡು. ಬೆಟ್ಟದ ಹುಡುಗಿಯೊಬ್ಬಳ ಮೇಲೆ ಮನಸ್ಸಾಗುತ್ತದೆ. ಮದುವೆಯ ಮಾತಾಡಲೂ ಸೇವಕನೇ ಹೋಗಬೇಕು. ಹುಡುಗಿಯ ಅಪ್ಪ, ಅಣ್ಣ ಆನೆಯಂಥವರು. ಇಂಥ ನರಪೇತಲನಿಗೆ ಹೆಣ್ಣು ಕೊಡುವುದಿಲ್ಲ ಎನ್ನುತ್ತಾರೆ. ಆಗ ಸೇವಕನಿಗೆ ಒಂದು ಸುಳ್ಳು ಹೊಳೆಯುತ್ತದೆ. ಅದೇ ಹೆಸರಿನ ಒಬ್ಬ ಬಾಕ್ಸರ್ ಪತ್ರಿಕೆಯಲ್ಲಿದ್ದಾನೆ. ನಮ್ಮ ಯಜಮಾನರೇ ಆ ಬಾಕ್ಸರ್ ಎಂದುಬಿಡುತ್ತಾನೆ.

ಅಲ್ಲಿಂದ ಮುಂದೆ ಸುಳ್ಳು ಕಾಲು ಮುರಿದುಕೊಂಡು ಬೀಳುವ ಬದಲು ರೆಕ್ಕೆ ಹಚ್ಚಿಕೊಂಡು ಹಾರುತ್ತದೆ. ಸೋಲುತ್ತಾನೆಂದು ಇವರು ನಂಬಿದ್ದ ಆ ಅಸಲಿ ಬಾಕ್ಸರ್ ಗೆದ್ದು ಚಾಂಪಿಯನ್ ಆಗುತ್ತಾನೆ. ಊರಿಗೆ ಊರೇ ಬಂದು ಆಲ್‌ಫ್ರೆಡ್‌ನನ್ನು ಹೊತ್ತು ಮೆರೆಸುತ್ತದೆ, ಮದುವೆಯೂ ಆಗಿಬಿಡುತ್ತದೆ. ಮುಂದಿನ ಪಂದ್ಯಕ್ಕೆ ತರಬೇತಿ ಶಿಬಿರಕ್ಕೆ ಹೋಗಬೇಕು. ಹೆಂಡತಿ ಬೇಡವೆಂದರೂ ಹಿಂದೆಯೇ ಬರುತ್ತಾಳೆ. ಅವಳ ಎದುರು ಮಾನ ಉಳಿಸಿಕೊಳ್ಳಲು ಈ ಬಡಪಾಯಿ ನಿಜವಾಗಿಯೂ ಓಡಬೇಕು, ಗುದ್ದು ತಿನ್ನಬೇಕು. ಹಗ್ಗಗಳ ನಡುವೆ ಕಾಲು ಸಿಕ್ಕಿಸಿಕೊಂಡು ಕಣದೊಳಗೆ ಹೋಗಲಾರದೆ, ಹೊರಗೂ ಬರಲಾರದೆ ಕೀಟನ್ ಒದ್ದಾಡುವುದನ್ನು ನೋಡಿದರೆ ನೂರು ವರ್ಷದ ಹಿಂದಿನ ಸಿನಿಮಾ ಎಂಬುದೇ ಮರೆತುಹೋಗುತ್ತದೆ.

ಪಂದ್ಯದ ದಿನ ಅಸಲಿ ಬಾಕ್ಸರನೇ ಬಂದು ಆಡಿ ಗೆಲ್ಲುತ್ತಾನೆ. ಸುಳ್ಳು ಪಾರಾಯಿತು ಅನ್ನುವಾಗ, ಉಡುಪು ಬದಲಿಸುವ ಕೋಣೆಯಲ್ಲಿ ಅವನು ಆಲ್‌ಫ್ರೆಡ್ ಮೇಲೆ ಸೇಡು ತೀರಿಸಿಕೊಳ್ಳಲು ಬೀಳುತ್ತಾನೆ. ಒಂದು, ಎರಡು, ಹತ್ತು ಗುದ್ದು. ಬಾಗಿಲಲ್ಲಿ ಹೆಂಡತಿ ನಿಂತದ್ದು ಆಲ್‌ಫ್ರೆಡ್ ಕಣ್ಣಿಗೆ ಬೀಳುತ್ತದೆ. ಆ ಗಳಿಗೆಯಲ್ಲಿ ಹಾಸ್ಯ ನಿಂತುಹೋಗುತ್ತದೆ. ಅವನು ತಿರುಗಿಬೀಳುತ್ತಾನೆ, ಚಾಂಪಿಯನ್ ನೆಲ ಕಚ್ಚುವವರೆಗೆ ಬಿಡುವುದಿಲ್ಲ. ಈ ಸಿನಿಮಾ ಒಂದು ರಂಗನಾಟಕದಿಂದ ಬಂದದ್ದು. ನಾಟಕದಲ್ಲಿ ಇಲ್ಲದ ಈ ಹೊಡೆದಾಟವನ್ನು ಕೀಟನ್ ತಾನಾಗಿ ಸೇರಿಸಿದ. ಮುಂದೆ 1980ರಲ್ಲಿ ‘ರೇಜಿಂಗ್ ಬುಲ್’ ಎಂಬ ಬಾಕ್ಸಿಂಗ್ ಸಿನಿಮಾ ಮಾಡಿದ ಮಾರ್ಟಿನ್ ಸ್ಕೋರ್ಸೆಸೆ, ಬಾಕ್ಸಿಂಗನ್ನು ಸರಿಯಾಗಿ ನೋಡಿದವನು ಕೀಟನ್ ಎಂದು ಮೆಚ್ಚಿ ಮಾತಾಡಿದ್ದಾರೆ. ಆದರೆ ಸಿನಿಮಾದ ನಿಜವಾದ ಗೆಲುವು ಆ ಗುದ್ದಾಟದ ನಂತರದ ಅರ್ಧ ನಿಮಿಷದಲ್ಲಿದೆ. ಗೆದ್ದ ಮೇಲೆ ಆಲ್‌ಫ್ರೆಡ್ ಹೆಂಡತಿಗೆ ನಿಜ ಹೇಳುತ್ತಾನೆ, ನಾನು ಬಾಕ್ಸರ್ ಅಲ್ಲ ಎಂದು. ಅವಳು ಸಂತೋಷಪಡುತ್ತಾಳೆ. ತಲೆಯ ಮೇಲೆ ಉದ್ದನೆಯ ಟೋಪಿ, ಕೈಯಲ್ಲಿ ಬೆತ್ತ, ಮೈಮೇಲೆ ಬಾಕ್ಸಿಂಗ್ ಚಡ್ಡಿ. ಅದೇ ವೇಷದಲ್ಲಿ ಅವಳ ಕೈ ಹಿಡಿದು ನಗರದ ಬೀದಿಯಲ್ಲಿ ನಡೆದುಹೋಗುತ್ತಾನೆ.

ಚಾರ್ಲಿ ಚಾಪ್ಲಿನ್ 1931ರ ‘ಸಿಟಿ ಲೈಟ್ಸ್’ನಲ್ಲಿ ಇದನ್ನು ತಿರುಗಿಸಿ ಹಾಕಿದ. ಅವನ ಅಲೆಮಾರಿ ಕಣಕ್ಕಿಳಿಯುವುದು ಕಣ್ಣಿಲ್ಲದ ಹೂಮಾರುವ ಹುಡುಗಿಗೆ ಹಣ ಬೇಕೆಂದು. ಎದುರಾಳಿಯ ಜೊತೆ ಮೊದಲೇ ಒಪ್ಪಂದವಾಗಿರುತ್ತದೆ, ಬಂದ ಹಣ ಇಬ್ಬರಿಗೂ ಸಮ. ಆದರೆ ಆ ಎದುರಾಳಿ ಪೊಲೀಸರ ಭಯಕ್ಕೆ ಓಡಿಹೋಗಿ, ಅವನ ಜಾಗಕ್ಕೆ ಕನಿಕರವಿಲ್ಲದ ಗಟ್ಟಿಗನೊಬ್ಬ ಬರುತ್ತಾನೆ. ಚಾಪ್ಲಿನ್ ರೆಫರಿಯ ಬೆನ್ನ ಹಿಂದೆ ಅಡಗಿಕೊಂಡು ಕುಣಿಯುತ್ತಾನೆ. ಗಂಟೆಯ ಹಗ್ಗ ಕುತ್ತಿಗೆಗೆ ಸುತ್ತಿಕೊಂಡು, ಅವನು ಬಿದ್ದಾಗಲೆಲ್ಲ ಗಂಟೆ ಬಾರಿಸುತ್ತದೆ. ಕೊನೆಗೆ ಸೋಲುತ್ತಾನೆ. ಆ ಹುಡುಗಿ ಈ ಪಂದ್ಯವನ್ನು ನೋಡುವುದೂ ಇಲ್ಲ. ನೋಡಲು ಯಾರೂ ಇಲ್ಲದೆ, ಗೆಲುವೂ ಇಲ್ಲದೆ, ಪ್ರೀತಿಗಾಗಿ ತಿಂದ ಪೆಟ್ಟು ಅದು. 1936ರಲ್ಲಿ ಹೆರಾಲ್ಡ್ ಲಾಯ್ಡ್ ‘ದಿ ಮಿಲ್ಕಿ ವೇ’ಯಲ್ಲಿ ಆಕಸ್ಮಿಕವಾಗಿ ಬಾಕ್ಸರ್ ಆಗುವ ಹಾಲು ಹಾಕುವವನ ಪಾತ್ರ ಮಾಡಿದ. ಹತ್ತು ವರ್ಷ ಕಳೆದು ಅದೂ ಮತ್ತೊಮ್ಮೆ ಸಿನಿಮಾ ಆಯಿತು. ಕಥೆ ಕೈ ಬದಲಾಯಿಸುವುದು ನಮ್ಮವರು ಮಾತ್ರ ಮಾಡಿದ ಕೆಲಸವಲ್ಲ.

ಕೀಟನ್‌ನಿಂದ ‘ತಮ್ಮುಡು’ವರೆಗೆ ಒಂದು ಎಳೆ ಇದೆ. ಒಬ್ಬ ಬಲಶಾಲಿಯಂತೆ ನಟಿಸುತ್ತಾನೆ, ಇನ್ನೊಬ್ಬ ಸಿರಿವಂತನಂತೆ ನಟಿಸುತ್ತಾನೆ. ಸುಳ್ಳಿನಿಂದ ನಗೆ ಹುಟ್ಟುತ್ತದೆ. ಆಮೇಲೆ ಕಣ ಬರುತ್ತದೆ, ಅಲ್ಲಿ ಸುಳ್ಳು ನಡೆಯುವುದಿಲ್ಲ. ಬಾಯಿಮಾತಿನ ಧೀರನ ಮುಖಕ್ಕೆ ಗುದ್ದು ಬಿದ್ದಾಗ ನಟನೆ ಅಲ್ಲಿಗೆ ಮುಗಿಯಿತು. ವ್ಯತ್ಯಾಸ ಇರುವುದು ಯಾರಿಗಾಗಿ ಹೋರಾಟ ಎಂಬಲ್ಲಿ. ಕೀಟನ್, ಚಾಪ್ಲಿನ್ ಇಬ್ಬರೂ ಪ್ರೀತಿಸಿದ ಹೆಣ್ಣಿಗಾಗಿ ಹೊಡೆದಾಡುತ್ತಾರೆ. ನಮ್ಮ ಹುಡುಗರು ಮನೆಗಾಗಿ ಹೊಡೆದಾಡುತ್ತಾರೆ: ‘ಯುವರಾಜ’ನಿಗೆ ಅಣ್ಣನ ಹಾಸಿಗೆ ಕಾಣುತ್ತಿರುತ್ತದೆ, ‘ಮೌರ್ಯ’ನಿಗೆ ತಂದೆಯ ಮರ್ಯಾದೆ ಕಾಣುತ್ತಿರುತ್ತದೆ. ಹುಡುಗಿ ಕಣದ ಪಕ್ಕದಲ್ಲಿ ನಿಂತಿರುತ್ತಾಳೆ, ಆದರೆ ಬಹುಮಾನವಾಗಿ ಅಲ್ಲ. ಅವನು ಏನೂ ಅಲ್ಲದ ದಿನಗಳಲ್ಲೇ ಅವಳು ಅವನನ್ನು ಒಪ್ಪಿಕೊಂಡಾಗಿದೆ. ‘ತಮ್ಮುಡು’ವಿನಲ್ಲಿ ಸಿರಿವಂತೆ ಸುಳ್ಳು ಬಯಲಾದೊಡನೆ ದೂರವಾಗುತ್ತಾಳೆ, ಚಿಕ್ಕಂದಿನ ಗೆಳತಿ ಜಾನಕಿ ಉಳಿಯುತ್ತಾಳೆ. ಅವಳ ಪ್ರೀತಿಗೆ ಪದಕ ಬೇಕಿರಲಿಲ್ಲ. ಈ ಸಿನಿಮಾಗಳ ಅತ್ಯಂತ ಒಳ್ಳೆಯ ಗುಣ ಇದೇ, ಹೊಡೆದಾಟದ ಗದ್ದಲದಲ್ಲಿ ಎಲ್ಲರ ಕಣ್ಣು ತಪ್ಪಿಸಿಕೊಳ್ಳುವುದೂ ಇದೇ.

ಬಾಕ್ಸಿಂಗನ್ನೇ ಸಿನಿಮಾದವರು ಇಷ್ಟು ಹಚ್ಚಿಕೊಂಡದ್ದಕ್ಕೆ ಆಟದ ನಿಯಮದಲ್ಲೇ ಕಾರಣವಿದೆ. 1867ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಕ್ವೀನ್ಸ್‌ಬರಿ ನಿಯಮಗಳು ಕೈಗವಸು ಕಡ್ಡಾಯ ಮಾಡಿದವು, ಮೂರು ನಿಮಿಷದ ಸುತ್ತು, ಒಂದು ನಿಮಿಷದ ವಿರಾಮ, ಬಿದ್ದವನಿಗೆ ಏಳಲು ಹತ್ತು ಸೆಕೆಂಡು ಎಂದು ಗೊತ್ತುಮಾಡಿದವು. ಆ ಒಂದು ನಿಮಿಷದ ವಿರಾಮದಲ್ಲಿ ಹುಡುಗಿ ಮಾತಾಡಬಹುದು, ತಂದೆ ಕಣ್ಣೀರು ಒರೆಸಿಕೊಳ್ಳಬಹುದು. ರೆಫರಿ ಒಂದು, ಎರಡು ಎಂದು ಎಣಿಸುವಾಗ ನೆಲಕ್ಕೆ ಬಿದ್ದವನಿಗೆ ತಾಯಿಯ ಮುಖ ಕಾಣಬಹುದು. ಹತ್ತು ಸೆಕೆಂಡಿನಲ್ಲಿ ಒಂದು ಜನ್ಮದ ನೆನಪು ತುಂಬುವುದನ್ನು ನಮ್ಮ ನಿರ್ದೇಶಕರು ಚೆನ್ನಾಗಿ ಕಲಿತಿದ್ದಾರೆ. ನಮ್ಮ ಕುಸ್ತಿಯಲ್ಲಿ ಈ ಸೌಲಭ್ಯವಿಲ್ಲ. ಬೆನ್ನು ಮಣ್ಣಿಗೆ ತಾಗಿತೋ, ಚಿತ್. ಎಣಿಸುವವರು ಯಾರೂ ಇಲ್ಲ, ಮತ್ತೆ ಏಳುವ ಮಾತೇ ಇಲ್ಲ.

ಹಾಗೆಂದು ಕನ್ನಡ ನಾಡಿಗೆ ಮಲ್ಲವಿದ್ಯೆ ಹೊಸದಲ್ಲ, ಗುದ್ದಾಟವೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೇ ಒಂದು ಭಾಗವಿದೆ, ಮಲ್ಲರ ದರ್ಜೆ, ಅವರ ಆಹಾರ, ಸಾಧನೆ ಎಲ್ಲವೂ ಅಲ್ಲಿ ಬರುತ್ತವೆ. ಮೈಸೂರು ಅರಮನೆಯ ಅಂಗಳದಲ್ಲಿ ವಿಜಯದಶಮಿಯ ದಿನ ಇಂದಿಗೂ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ಮುಷ್ಟಿ ಧರಿಸಿ ಎದುರಾಗುತ್ತಾರೆ, ಒಬ್ಬನ ತಲೆಯಲ್ಲಿ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ದಕ್ಷಿಣ ಭಾರತದ ಮೊದಲ ಮೂಕಿ ಕಥಾಚಿತ್ರ, ಆರ್. ನಟರಾಜ ಮುದಲಿಯಾರ್ 1910ರ ದಶಕದ ಕೊನೆಯಲ್ಲಿ ಮದರಾಸಿನಲ್ಲಿ ತೆಗೆದದ್ದು, ಕೀಚಕವಧೆಯ ಕಥೆಯೇ. ಬಯಲಾಟ ನೋಡಿ ಬೆಳೆದವರಿಗೆ ಆ ಪ್ರಸಂಗದ ರುಚಿ ಹೇಳಬೇಕಿಲ್ಲ. ಸೀರೆಯ ಸೆರಗು ಹೊದ್ದು ಕತ್ತಲಲ್ಲಿ ಕಾದು ಕೂತ ಭೀಮ, ಗಂಧ ಪೂಸಿಕೊಂಡು ಸರಸವಾಡಲು ಬರುವ ಕೀಚಕ; ಆ ಎರಡು ನಿಮಿಷ ಜನ ಬಿದ್ದು ಬಿದ್ದು ನಗುತ್ತಾರೆ, ಮೂರನೆಯ ನಿಮಿಷಕ್ಕೆ ಮೂಳೆ ಮುರಿಯುತ್ತದೆ. ನಗೆಯಿಂದ ನೇರವಾಗಿ ಹೊಡೆದಾಟಕ್ಕೆ ಜಿಗಿಯುವ ವಿದ್ಯೆಯನ್ನು ನಾವು ಕೀಟನ್‌ನಿಂದ ಕಲಿಯಬೇಕಿರಲಿಲ್ಲ.

ಆದರೂ ಗರಡಿಮನೆಯಿಂದ ಪ್ರೇಮ ಹಾಸ್ಯ ಏಕೆ ಹುಟ್ಟಲಿಲ್ಲ? ಗರಡಿಯ ದೇವರು ಆಂಜನೇಯ. ಸಾಮು ಮಾಡುವವನಿಗೆ ಉಸ್ತಾದರು ಹೇಳುವ ಮೊದಲ ಮಾತು ಬ್ರಹ್ಮಚರ್ಯ. ಬಾಕ್ಸರ್ ಪ್ರೀತಿಸಿದರೆ ಪ್ರೇಕ್ಷಕರು ಚಪ್ಪಾಳೆ ಹೊಡೆಯುತ್ತಾರೆ, ಪೈಲ್ವಾನ ಪ್ರೀತಿಸಿದರೆ ಗುರು ಮುಖ ತಿರುಗಿಸುತ್ತಾನೆ. ಇದು ಅಡ್ಡಿ ಎಂದುಕೊಂಡರೆ ಅಡ್ಡಿ. ಹಾಸ್ಯ ಬಲ್ಲ ಬರಹಗಾರನಿಗೆ ಇದಕ್ಕಿಂತ ಸೊಗಸಾದ ಪೇಚು ಇನ್ನೊಂದಿಲ್ಲ. ಗೋಡೆಯ ಮೇಲೆ ಆಂಜನೇಯನ ಪಟ, ಲಂಗೋಟಿಯಲ್ಲಿ ಅಡಗಿಸಲು ಜಾಗವಿಲ್ಲದ ಪ್ರೇಮಪತ್ರ, ಮೂಗು ಚುರುಕಾದ ಉಸ್ತಾದರು!

2006ರ ಡಿಸೆಂಬರ್ 29ರಂದು ಬಂದ ‘ಮುಂಗಾರು ಮಳೆ’ ಕನ್ನಡದ ಪ್ರೇಮಕಥೆಗಳ ದಿಕ್ಕನ್ನೇ ಬದಲಿಸಿತು. ತೆಲುಗಿಗೆ 2008ರಲ್ಲಿ ‘ವಾನ’ ಆಗಿ ಅದೂ ಹೋಯಿತು. ಆ ಮಳೆಯಲ್ಲಿ ನೆನೆದ ಮೂವರು ಮುಂದೆ ಒಬ್ಬೊಬ್ಬರಾಗಿ ಕಣಕ್ಕೆ ಬಂದದ್ದನ್ನು ಗಮನಿಸಿದವರು ಕಡಿಮೆ. ಅದರ ಕಥೆಯಲ್ಲಿ ಪಾಲುಗೊಂಡಿದ್ದ ಪ್ರೀತಂ ಗುಬ್ಬಿ 2015ರಲ್ಲಿ ಧನಂಜಯ ಅವರನ್ನು ಇಟ್ಟುಕೊಂಡು ‘ಬಾಕ್ಸರ್’ ಮಾಡಿದರು. ಛಾಯಾಗ್ರಾಹಕರಾಗಿದ್ದ ಎಸ್. ಕೃಷ್ಣ 2019ರಲ್ಲಿ ಸುದೀಪ ಅವರ ‘ಪೈಲ್ವಾನ್’ ನಿರ್ದೇಶಿಸಿದರು. ನಿರ್ದೇಶಕ ಯೋಗರಾಜ ಭಟ್ಟರು 2023ರಲ್ಲಿ ‘ಗರಡಿ’ ತೆಗೆದರು. ಮಳೆಯಲ್ಲಿ ಮೊಲ ಹಿಡಿದುಕೊಂಡು ಮಾತಾಡುವ ಪ್ರೇಮಿಯನ್ನು ಕೊಟ್ಟವರು ಇವರು. ನಗಿಸುತ್ತಲೇ ಅಳಿಸುವುದು ಇವರಿಗೆ ಗೊತ್ತಿತ್ತು. ಇವರಲ್ಲಿ ಯಾರಾದರೂ ಒಬ್ಬರು ಗರಡಿಯ ಪ್ರೇಮ ಹಾಸ್ಯ ಕೊಟ್ಟಿದ್ದರೆ ಅದು ಕೀಟನ್ ಪಕ್ಕದಲ್ಲಿ ಕೂರುತ್ತಿತ್ತು. ಆದರೆ ಮೂರೂ ಸಿನಿಮಾಗಳು ಕೆಚ್ಚಿನ ದಾರಿ ಹಿಡಿದವು. ‘ಪೈಲ್ವಾನ್’ನಲ್ಲಿ ಮಾತ್ರ ಒಂದು ಒಳ್ಳೆಯ ಬೀಜವಿತ್ತು. ಅನಾಥ ಹುಡುಗನನ್ನು ಸಾಕಿ ಕುಸ್ತಿ ಕಲಿಸಿದ ಹಿರಿಯನ ಮನಸ್ಸಿಗೆ, ಆ ಹುಡುಗನ ಪ್ರೀತಿ ಮತ್ತು ಮದುವೆಯೇ ಪೆಟ್ಟು ಕೊಡುತ್ತದೆ. ಸುನೀಲ್ ಶೆಟ್ಟಿ ಮತ್ತು ಸುದೀಪ ನಡುವಿನ ಆ ಮುನಿಸು ಸಿನಿಮಾದ ಜೀವಾಳ. ಮುಂದೆ ಕುಸ್ತಿಯ ಮಣ್ಣು ಬಿಟ್ಟು ಬಾಕ್ಸಿಂಗಿನ ಹಗ್ಗದೊಳಗೆ ಹೋದಾಗ ಮೈಕಟ್ಟು ಬೆಳೆಯಿತು, ನಗೆ ಸೊರಗಿತು.

ತೆಲುಗಿನ ಕಡೆಯೂ ಇದೇ ಪಾಡಾಯಿತು. 2022ರಲ್ಲಿ ಪುರಿ ಜಗನ್ನಾಥ್ ಮತ್ತೆ ತಾಯಿ, ಮಗ, ಕಣವನ್ನು ಹಿಡಿದು ‘ಲೈಗರ್’ ಮಾಡಿದರು. ಚಹಾ ಮಾರುವ ತಾಯಿಯಾಗಿ ರಮ್ಯಾ ಕೃಷ್ಣ, ಮಗನಾಗಿ ವಿಜಯ್ ದೇವರಕೊಂಡ, ಅಮೆರಿಕದಿಂದ ಮೈಕ್ ಟೈಸನ್ ಬೇರೆ. ಹಣ ಹೊಳೆಯಂತೆ ಹರಿಯಿತು, ಸಿನಿಮಾ ಸೋತಿತು. ‘ಅಮ್ಮಾ ನಾನ್ನಾ’ದಲ್ಲಿ ತಾಯಿ–ಮಗ ಅಡುಗೆಮನೆಯಲ್ಲಿ ಕಿತ್ತಾಡಿಕೊಂಡು ನಗಿಸಿದ್ದರು. ಇಲ್ಲಿ ತಾಯಿ ಮಗನಿಗೆ ಹುರುಪು ತುಂಬಲು ಕೂಗುತ್ತಾಳೆ, ಅಷ್ಟೆ. ಟೈಸನ್‌ನಂಥ ಚಾಂಪಿಯನ್ ಬಂದರೂ ತುಂಬಲಾರದ ಜಾಗ ಅದು.

ಮುಂದಿನ ಕಥೆ ಎಲ್ಲಿಂದ ಬರಬೇಕೆಂಬುದೂ ಈಗ ಕಾಣುತ್ತಿದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆಣ್ಣುಮಕ್ಕಳಿಗೆ ಮೊದಲ ಬಾರಿ ಬಾಕ್ಸಿಂಗ್ ಕಣ ತೆರೆಯಿತು, ಮೇರಿ ಕೋಮ್ ಕಂಚು ತಂದರು. ತೆಲಂಗಾಣದ ನಿಜಾಮಾಬಾದಿನ ನಿಖತ್ ಝರೀನ್ 2022ರಲ್ಲೂ 2023ರಲ್ಲೂ ವಿಶ್ವ ಚಾಂಪಿಯನ್ ಆದರು. ಕಣದ ಪಕ್ಕದಲ್ಲಿ ನಿಂತು ಕೈ ಮುಗಿಯುತ್ತಿದ್ದ ಹುಡುಗಿ ಈಗ ಕೈಗವಸು ತೊಟ್ಟಿದ್ದಾಳೆ. ಅವಳಿಗೆ ಇನ್ನು ಬೇಕಾದದ್ದು, ಅವಳು ಗೆಲ್ಲುವ ಮೊದಲೇ ಅವಳನ್ನು ಒಪ್ಪಿಕೊಂಡು ಕಣದ ಪಕ್ಕ ನೀರಿನ ಬಾಟಲಿ ಹಿಡಿದು ನಿಲ್ಲಬಲ್ಲ ಹುಡುಗ. ಅವರಿಬ್ಬರ ಮನೆಗಳ ನಡುವೆ ಒಂದು ರಾಜ್ಯದ ಗಡಿ ಇದ್ದರೆ, ಒಂದು ಮನೆಯಲ್ಲಿ ಕನ್ನಡವೂ ಇನ್ನೊಂದರಲ್ಲಿ ತೆಲುಗೂ ಇದ್ದರೆ, ನಗೆಗೆ ಬರಗಾಲವಿರುವುದಿಲ್ಲ. ಇಂಥ ಕಥೆಯನ್ನು ಬೆಂಗಳೂರಿನವರಾಗಲಿ ಹೈದರಾಬಾದಿನವರಾಗಲಿ ಬರೆಯುವುದಕ್ಕಿಂತ ಮಡಕಶಿರ, ರಾಯದುರ್ಗದ ಕಡೆಯ ಹುಡುಗ ಹುಡುಗಿಯರು ಬರೆದರೆ ಚೆನ್ನ. ಎರಡೂ ಭಾಷೆಯಲ್ಲಿ ಬೈಗುಳ ಯಾವುದು, ಮುದ್ದು ಯಾವುದು ಎಂದು ಅವರಿಗೆ ಹುಟ್ಟಿನಿಂದಲೇ ಗೊತ್ತು.

ಅಲ್ಲಿಯವರೆಗೆ ಈ ಸೀಮೆಯ ಕನ್ನಡ ಶಾಲೆಗಳ ಮೇಷ್ಟ್ರುಗಳಿಗೆ, ಟೀಚರುಗಳಿಗೆ ಒಂದು ಕೋರಿಕೆ. ‘ಬ್ಯಾಟ್ಲಿಂಗ್ ಬಟ್ಲರ್’ ಸುಮಾರು ಒಂದೂಕಾಲು ಗಂಟೆಯ ಮೂಕಿ ಸಿನಿಮಾ. ಭಾರತದ ಕಾನೂನಿನಂತೆ ಸಿನಿಮಾದ ಹಕ್ಕು ಅರವತ್ತು ವರ್ಷಕ್ಕೆ ಮುಗಿಯುತ್ತದೆ, ಅಮೆರಿಕದಲ್ಲೂ ಇದರ ಹಕ್ಕು 2022ರ ಜನವರಿ 1ಕ್ಕೆ ತೀರಿದೆ. ಯಾರ ಅಪ್ಪಣೆಯೂ ಬೇಕಿಲ್ಲ, ಶುಲ್ಕವೂ ಇಲ್ಲ. ಮೂಕಿ ಸಿನಿಮಾಗಳ ಕಾಲದಲ್ಲಿ ತೆರೆಯ ಪಕ್ಕ ಒಬ್ಬರು ನಿಂತು, ಅಕ್ಷರ ಓದಿ, ಕಥೆ ಬಿಡಿಸಿ ಹೇಳುತ್ತಿದ್ದರು. ಅದೇ ಕೆಲಸವನ್ನು ಒಬ್ಬ ಮೇಷ್ಟ್ರು ಕನ್ನಡದಲ್ಲಿಯೂ, ಬೇಕೆನಿಸಿದಾಗ ತೆಲುಗಿನಲ್ಲಿಯೂ ಮಾಡಬಹುದು. ಒಂದು ಶನಿವಾರ ಮಧ್ಯಾಹ್ನ ಮಕ್ಕಳಿಗೆ ತೋರಿಸಿ ನೋಡಿ. ಮನೆಯಲ್ಲಿರುವ ದೊಡ್ಡವರು ‘ಅಮ್ಮಾ ನಾನ್ನಾ ಓ ತಮಿಳ ಅಮ್ಮಾಯಿ’ಯನ್ನೂ ‘ಮೌರ್ಯ’ವನ್ನೂ ಒಂದರ ಹಿಂದೆ ಒಂದು ಹಾಕಿಕೊಂಡು ನೋಡಿ, ಯಾವ ತಾಯಿ ಹೆಚ್ಚು ನಗಿಸಿದಳು ಎಂದು ಆಕಾಶವಾಣಿಗೆ ಒಂದು ಪತ್ರ ಬರೆಯಿರಿ.